ವಾಪಸ್ ಬಾರದ ಬೆಕ್ಕು

ಮನೆ, ಅಡುಗೆಮನೆಯ ಮೇಜು
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಎಮ್ಮೆ ಒದ್ದ ಮೊಣಕಾಲಿನ ಊತ ಇಳಿಯಿತೇ? ಊರ ದನಗಳಿಗೆಲ್ಲ ಮದ್ದು ಕೊಡುವ ಡಾಕ್ಟರು ತನ್ನ ಕಾಲಿಗೆ ಮಾತ್ರ ಎಣ್ಣೆ ಹಚ್ಚಿಕೊಂಡು ಸುಮ್ಮನಿರುತ್ತಾಳೆಂದು ನನಗೆ ಗೊತ್ತು. ಎಕ್ಸ್‌ರೇ ತೆಗೆಸು. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮ ನಿನ್ನ ಮಂಚದ ಚಾದರವನ್ನು ಈಗಲೂ ವಾರಕ್ಕೊಮ್ಮೆ ಬದಲಿಸುತ್ತಾಳೆ. ಯಾರೂ ಮಲಗದ ಹಾಸಿಗೆ ಅದೆಷ್ಟು ಕೊಳೆಯಾಗುತ್ತದೋ, ನಾನು ಕೇಳಿಲ್ಲ.

ನನ್ನ ಚಿತ್ರಪುಸ್ತಕ ಮುಗಿಯಿತು. ಎಡಪುಟದಲ್ಲಿ ಪಟ್ಟಣದ ಪ್ರಾಣಿಗಳು, ಬಲಪುಟದಲ್ಲಿ ಹಳ್ಳಿಯವು. ಇತ್ತ ಲಿಫ್ಟಿನಲ್ಲಿ ಇಳಿಯುವ ನಾಯಿ, ಅತ್ತ ಕುರಿಗಳ ಹಿಂದೆ ಓಡುವ ನಾಯಿ. ಇತ್ತ ಎಸಿ ಪೆಟ್ಟಿಗೆಯ ಮೇಲೆ ಗೂಡು ಕಟ್ಟಿದ ಪಾರಿವಾಳ, ಅತ್ತ ಹುಲ್ಲಿನ ಬಣವೆಯಲ್ಲಿ ಮೊಟ್ಟೆಯಿಟ್ಟು ಮರೆತ ಕೋಳಿ. ಒಂದು ಬೆಕ್ಕು ಮಾತ್ರ ಪುಟ ದಾಟುತ್ತದೆ. ಪಟ್ಟಣದ ಕಿಟಕಿಯಿಂದ ಜಿಗಿದು ಹಳ್ಳಿಯ ಕೊಟ್ಟಿಗೆ ಸೇರುತ್ತದೆ, ಉಣ್ಣಿ ಹತ್ತಿಸಿಕೊಳ್ಳುತ್ತದೆ, ಬಡಕಲಾಗುತ್ತದೆ, ಅಲ್ಲೇ ಉಳಿಯುತ್ತದೆ. ಯಾವ ಬೆಕ್ಕೆಂದು ನಿನಗೆ ಹೇಳಬೇಕಾಗಿಲ್ಲ.

ಸಂಪಾದಕರು ಕೊನೆಯ ಪುಟದ ಮೇಲೆ ಬೆರಳಿಟ್ಟರು. “ಬೆಕ್ಕು ಮನೆಗೆ ವಾಪಸ್ ಬರ್ಬೇಕಮ್ಮಾ. ಇಲ್ಲಾಂದ್ರೆ ಮಕ್ಕಳು ಅಳ್ತಾರೆ. ಇನ್ನೊಂದೇ ಚಿತ್ರ, ಸೋಫಾ ಮೇಲೆ ಮಲಗಿಸ್ಬಿಡಿ.” ನಾಯಿಗಳಿಗೆ ಶಾಂಪೂ ಹಾಕುವ ಆ ಕ್ಲಿನಿಕ್ ಬಿಟ್ಟು ನೀನು ಹಳ್ಳಿಗೆ ಹೊರಟ ದಿನ ಚಿಕ್ಕಪ್ಪ ಅಂದದ್ದು ನೆನಪಾಯಿತು: “ಸಗಣಿ ವಾಸನೆ ಮೂಗಿಗೆ ಬಡೀಲಿ, ತಾನಾಗೇ ಬರ್ತಾಳೆ.” ಬೆಕ್ಕು ಬರುವುದಿಲ್ಲ ಎಂದೆ. ಹಾಗಾದರೆ ಪುಸ್ತಕವೂ ಬರುವುದಿಲ್ಲ ಎಂದರು. ಚಿತ್ರಗಳನ್ನು ಕಟ್ಟಿಕೊಂಡು ಎದ್ದು ಬಂದೆ. ಎರಡು ವರ್ಷದ ಕೆಲಸ ಕಂಕುಳಲ್ಲಿತ್ತು, ಆದರೂ ತಿರುಗಿ ನೋಡಲಿಲ್ಲ. ಬೇರೆ ಪ್ರಕಾಶಕರನ್ನು ಹುಡುಕುತ್ತೇನೆ. ಸಿಗದಿದ್ದರೆ ಪೆಟ್ಟಿಗೆಯಲ್ಲಿರಲಿ. ಸೋಫಾ ಮೇಲಂತೂ ಮಲಗಿಸುವುದಿಲ್ಲ.

ಅಮ್ಮನೂ ಅವರ ಕಡೆಯೇ. “ಮನೆ ಬಿಟ್ಟ ಬೆಕ್ಕಿಗೆ ಹಾಲು ಯಾರು ಹಾಕ್ತಾರೆ?” ಎಂದು ಕೇಳಿ, ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು. ಇನ್ನು ಮೇಲೆ ಎದೆನೋವು, ಕೂಡಲೇ ಬಾ ಎಂದು ನಿನಗೆ ಫೋನ್ ಮಾಡಿದರೆ ಮೊದಲು ನನ್ನನ್ನು ಕೇಳು. ಕಳೆದ ಸಲ ಅದು ಬರೀ ಗ್ಯಾಸ್.

ಕಾಲು ಜೋಪಾನ. ಕರುಗಳಿಗೆಲ್ಲ ನನ್ನ ಮುದ್ದು.

ನಿನ್ನ ತಂಗಿ,
ಗೋಡೆಗೀಚಿ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದು ಕೊನೆಯ ಚಿತ್ರ ಇನ್ನೊಮ್ಮೆ ತೋರಿಸೆಂದಳು. ತುಂಬ ಹೊತ್ತು ನೋಡಿದಳು. “ಕೊಟ್ಟಿಗೇಲಿ ಚಳಿ ಆಗಲ್ವಾ ಅದಕ್ಕೆ?” ಅಂದಳು. ಈಗ ನಿನ್ನ ಮಂಚದ ಹಾಸಿಗೆಯನ್ನು ಸುರುಳಿ ಸುತ್ತಿ ಹಗ್ಗ ಬಿಗಿಯುತ್ತಿದ್ದಾಳೆ. ನಾಳೆ ಪಾರ್ಸೆಲ್ ಹಾಕುತ್ತೇನೆ. ವಾಪಸ್ ಕಳಿಸಬೇಡ.