ಊರೊಟ್ಟಿನ ಒಲೆಯ ಮೊದಲ ಬೆಂಕಿ

ಎಲ್ವಿರಾ,

ಪೋರ್ಟೊದಲ್ಲಿದ್ದೀಯಂತೆ. ಇದನ್ನು ಕಳಿಸುವ ಮುಖ ನನಗಿಲ್ಲ, ಆದರೂ ಬರೆಯುತ್ತಿದ್ದೇನೆ.

ಊರೊಟ್ಟಿನ ರೊಟ್ಟಿ ಒಲೆಗೆ ವಾರದ ಮೊದಲ ಬೆಂಕಿ ಹಚ್ಚುವುದು ಯಾರಿಗೂ ಬೇಡ, ನಿನಗೇ ಗೊತ್ತು. ತಣ್ಣಗಿನ ಕಲ್ಲು ಹೊರೆಗಟ್ಟಲೆ ಸೌದೆ ನುಂಗುತ್ತದೆ, ಮೊದಲ ರೊಟ್ಟಿಯ ತಳ ಬೇಯುವುದೇ ಇಲ್ಲ. ಇವತ್ತು ಸರದಿ ನನ್ನದು. ಹೋಗುವಷ್ಟರಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ದ್ರಾಕ್ಷಿ ಕೊಯ್ಲಿಗೆ ಮೊರಾಕೊದಿಂದ ಬಂದಿರುವ ಸಮೀರಾ ಹಚ್ಚಿದ್ದಳು.

"ಒಲೆ ಎಲ್ಲರದೂ ಅಂದ್ರು ಪಾದ್ರಿ. ತಪ್ಪಾಯ್ತೇನಕ್ಕಾ?"

"ಶಿಲುಬೆ ಗುರುತು ಹಾಕದೋಳ ಬೆಂಕೀಲಿ ನಮ್ ರೊಟ್ಟೀನಾ?" ಎಂದಳು ಕಸಿಲ್ಡಾ ಅತ್ತೆ. ಅನ್ನುತ್ತಲೇ ಎಲ್ಲರಿಗಿಂತ ಮುಂದೆ ನುಗ್ಗಿ ತನ್ನ ಹಿಟ್ಟಿನುಂಡೆಗಳನ್ನು ಒಳಗೆ ತಳ್ಳಿದಳು.

ನಿನ್ನೆಯ ಪೂಜೆಯಲ್ಲಿ ಪಾದ್ರಿ 'ಸರ್ವರ ಒಳಿತು' ಎಂದು ಹತ್ತು ಸಲ ಹೇಳಿದರು. ಆ ಸರ್ವರು ಯಾರು, ಯಾರು ತೀರ್ಮಾನಿಸುತ್ತಾರೆ, ನನಗಿನ್ನೂ ಗೊತ್ತಾಗಿಲ್ಲ.

ಸಮೀರಾ ಮೆಲ್ಲಗೆ ಕೇಳಿದಳು: "ಈ ಒಲೆ ಯಾರಿಗಾದ್ರೂ ಇಲ್ಲ ಅಂದಿದ್ದುಂಟಾ?"

ಗಂಡನನ್ನು ಬಿಟ್ಟವಳೆಂದು ನಿನ್ನ ಸರದಿ ಕಿತ್ತುಕೊಂಡ ದಿನ ಚರ್ಚಿನ ಮೆಟ್ಟಿಲ ಮೇಲೆ ಒಪ್ಪಿಗೆಯೆಂದು ಎಷ್ಟು ಕೈಗಳು ಎದ್ದವು! ಮೂರನೆಯದು ನನ್ನದು.

"ಇಲ್ಲಮ್ಮ, ಯಾವತ್ತೂ ಇಲ್ಲ," ಎಂದೆ.

ಅವಳು ನಕ್ಕು ತನ್ನ ಮೊದಲ ರೊಟ್ಟಿ ಮುರಿದು ಕೊಟ್ಟಳು. ಅದೇ ಕೈ ಚಾಚಿದೆ. ತಳ ಹಸಿಹಸಿಯಾಗಿತ್ತು. ಚೂರೂ ಬಿಡದೆ ತಿಂದೆ.

ಒಲಿಂಡಾ