ಬೋಣಿಯಿಲ್ಲದ ಅಂಗಡಿ

ರೇಟು ಕೇಳುತ್ತ ಊರೂರು ತಿರುಗಿದ ನನ್ನ ಅಪ್ಪನಿಗೆ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ಅಲ್ಲಿಯೂ ಯಾವುದೋ ಅಂಗಡಿಯ ಮೆಟ್ಟಿಲು ಹತ್ತಿ "ಬ್ಯಾಳಿ ಹೆಂಗ್ರೀ?" ಅಂತ ಶುರು ಮಾಡಿರುತ್ತೀಯ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸುತ್ತಿ, ಜನ ಕೊಳ್ಳುವ ಸಾಮಾನಿನ ಬೆಲೆ ಬರೆದು ಸರ್ಕಾರಕ್ಕೆ ಕಳಿಸುವುದೇ ನಿನ್ನ ಕೆಲಸವಾಗಿತ್ತಲ್ಲ. ದೇಶದಲ್ಲಿ ಬೆಲೆ ಎಷ್ಟು ಏರಿತು ಅಂತ ಲೆಕ್ಕ ಹಾಕುವವರಿಗೆ ನಮ್ಮ ಶೇಂಗಾ ಎಣ್ಣೆಯ ಸುದ್ದಿ ಮುಟ್ಟುತ್ತಿದ್ದುದು ನಿನ್ನಿಂದಲೇ.

ನನಗೂ ಅದೇ ಕೆಲಸ ಸಿಕ್ಕ ಹೊಸದರಲ್ಲಿ ಕೊಟ್ಟೂರಿನ ಬಜಾರಿಗೆ ಕರೆದುಕೊಂಡು ಹೋಗಿದ್ದೆಯಲ್ಲ, ನೆನಪಿದೆಯಾ? ಆಗಷ್ಟೇ ಬಾಗಿಲು ತೆರೆದ ಅಂಗಡಿಯಲ್ಲಿ ನಾನು ಪಟಪಟ ರೇಟು ಕೇಳಿ ಹೊರಟೆ. ನೀನು ಮಾತ್ರ ನಿಂತು ಒಂದು ಹಣಿಗೆ ಕೊಂಡೆ. "ಇನ್ನೂ ಬೋಣಿ ಆಗಿಲ್ಲ ಯವ್ವಾ. ದಿನದ ಮೊದಲ್ನೇ ಗಿರಾಕಿ ರೇಟು ಕೇಳಿ ಬರಿಗೈಲಿ ಇಳದು ಹೋದ್ರ ಅವನ ಮನಸಿಗೆ ಹೆಂಗಾಗಬ್ಯಾಡ?" ಅಂದಿದ್ದೆ. ಹಣಿಗೆ ಯಾಕೆ ಬೇಕಿತ್ತು ನಿನಗೆ? ನಿನ್ನ ತಲೆ ಆಗಲೇ ಬೋಳಾಗಿತ್ತು! ಮನೆಯಲ್ಲಿ ಟ್ರಂಕಿನ ತುಂಬ ಹಣಿಗೆ, ಪಿನ್ನು, ಸೋಪಿನ ಡಬ್ಬಿ. "ಇಷ್ಟರಾಗ ನಾನೂ ಒಂದು ಅಂಗಡಿ ಇಡತೀನಿ ನೋಡು" ಅಂತ ಅವ್ವ ಬೈಯುತ್ತಿದ್ದಳು.

ನಾನು ವಿಮಾನದ ಟಿಕೆಟ್ಟಿನ ಬೆಲೆ ಬರೆಯಬೇಕು ಎಂದಾದಾಗ ಎಷ್ಟು ನಕ್ಕಿದ್ದೆ ನೀನು! "ಹಗರಿಬೊಮ್ಮನಹಳ್ಳ್ಯಾಗ ಯಾರು ಹತ್ತತಾರ ವಿಮಾನ?" ಹತ್ತುತ್ತಿದ್ದಾರಪ್ಪ, ಅದಕ್ಕೇ ಅದೂ ಬೇಳೆ ಬೆಲ್ಲದ ಸಾಲಿಗೆ ಬಂತು. ನನ್ನ ಪಾಲಿನದು ಹುಬ್ಬಳ್ಳಿಯಿಂದ ದಿಲ್ಲಿ. ಪ್ರತಿ ವಾರ ಅದೇ ಹೊತ್ತಿಗೆ ಕಂಪ್ಯೂಟರಿನಲ್ಲಿ, ಪ್ರಯಾಣಕ್ಕೆ ಅಷ್ಟೇ ದಿನ ಮುಂಚಿನ ಬೆಲೆಯನ್ನೇ ನೋಡಬೇಕು. ಒಂದು ಹೆಚ್ಚುಕಮ್ಮಿಯಾದರೂ ಏರಿದ್ದು ಬೆಲೆಯೋ ನನ್ನ ಎಡವಟ್ಟೋ ತಿಳಿಯುವುದಿಲ್ಲ. ಬೇಳೆಯ ರೇಟು ಸಂಜೆಯವರೆಗಾದರೂ ನಿಂತಿರುತ್ತದೆ, ಇದು ನೋಡನೋಡುತ್ತಲೇ... ನೋಡುತ್ತೇನೆ, ಬರೆಯುತ್ತೇನೆ, ಮುಚ್ಚುತ್ತೇನೆ. ಆ ಅಂಗಡಿಯಲ್ಲಿ ಕೂತವರೇ ಇಲ್ಲ, ಯಾರಿಗೆ ಬೋಣಿ ಮಾಡಲಿ?

ಹಾಸಿಗೆ ಹಿಡಿದ ಮೇಲೂ ನೀನು ಸಂಜೆ ಸಂಜೆ ಕೇಳುತ್ತಿದ್ದೆ, "ದಿಲ್ಲಿ ಹೆಂಗೈತಿ ಇವತ್ತು?" ಥೇಟ್ ಉಳ್ಳಾಗಡ್ಡಿಯ ರೇಟು ಕೇಳಿದ ಹಾಗೆ. ಯಾಕೆಂದು ನಮಗೆ ಗೊತ್ತಿರಲಿಲ್ಲವೇ? ಮದುವೆಯಾಗಿ ದಿಲ್ಲಿ ಸೇರಿದ ಚಿಕ್ಕವ್ವನಿಗೆ ಈಗ ಎದ್ದು ಓಡಾಡಲಾಗುವುದಿಲ್ಲ. ಅವ್ವನ ಸೊಂಟ ಅಷ್ಟು ದೂರದ ರೈಲನ್ನು ತಡೆಯುವುದಿಲ್ಲ. "ತಂಗೀನ್ನ ಒಮ್ಮಿ ನೋಡಬೇಕಿತ್ತು" ಅಂತ ಅವಳು ಅಂದಾಗಲೆಲ್ಲ ನಿನ್ನದು ಒಂದೇ ಮಾತು: "ಇಳೀತೈತಿ ತಡಿ. ಉಳ್ಳಾಗಡ್ಡಿ ಇಳೀಲಿಲ್ಲೇನು? ನನಗ ರೇಟಿನ ಪಾಠ ಹೇಳತಿ?" ಇಳಿಯಿತು ಕೂಡ. ನೀನು ಇನ್ನಷ್ಟು ಇಳಿಯಲಿ ಅಂದೆ. ಅಷ್ಟರಲ್ಲಿ ನೀನೇ... ಈಗಲೂ ಸಿಟ್ಟು ಬರುತ್ತದೆ ಅಪ್ಪಾ ನಿನ್ನ ಮೇಲೆ, ಅದರ ಹಿಂದೆಯೇ ಅಳುವೂ.

ಮೊನ್ನೆ ಕಚೇರಿಯ ಕೆಲಸ ಮುಗಿಸಿ ಮನೆಗೆ ಬಂದವಳೇ ನನ್ನ ಫೋನಿನಲ್ಲಿ ಅದೇ ದಿಲ್ಲಿಯನ್ನು ತೆರೆದೆ. ಏರಿ ಕೂತಿತ್ತು. "ಎಷ್ಟೈತಿ?" ಅಂದಳು ಅವ್ವ. "ಕೇಳಬ್ಯಾಡ ಸುಮ್ನಿರು" ಅಂದು ನಮ್ಮಿಬ್ಬರಿಗೂ ಟಿಕೆಟ್ ಮಾಡಿಬಿಟ್ಟೆ. ಇನ್ನೂ ಕಾದರೆ ಇಳಿಯುವುದು ಬೆಲೆಯೋ ಅವ್ವನ ಶಕ್ತಿಯೋ ಎಂದು ಹೆದರಿಕೆಯಾಗಿತ್ತು.

ವಿಮಾನದಲ್ಲಿ ನಮಗೆ ಮುಂದಿನ ಸಾಲೇ ಸಿಕ್ಕಿತು. ತಿಂಡಿಯ ಗಾಡಿ ತಳ್ಳಿಕೊಂಡು ಬಂದ ಹುಡುಗಿಯನ್ನು ಅವ್ವ ಕೇಳಿದಳು, "ಚಾ ಹೆಂಗವ್ವಾ?" ಅವಳು ಬೆಲೆ ಹೇಳಿದಳು. ಆ ದುಡ್ಡಿನಲ್ಲಿ ನಮ್ಮ ಓಣಿಗೆಲ್ಲ ಚಾ ಕುಡಿಸಬಹುದಿತ್ತು. ಅವ್ವ ತಣ್ಣಗೆ ಸಂಚಿ ಬಿಚ್ಚಿದಳು. "ನಾವ ಮೊದಲು ಕೇಳೀವಿ. ಪಾಪ, ಬೋಣಿ ಆಗಬೇಕಲ್ಲ. ನಿಮ್ಮಪ್ಪ ಇದ್ದಿದ್ರ ಹಂಗ ಬಿಡತಿದ್ನೇನು?" ಆ ಚಾ ಸಪ್ಪಗಿತ್ತು. ಇಬ್ಬರೂ ಹಂಚಿಕೊಂಡು ಕುಡಿದೆವು.

ಈಗ ದಿಲ್ಲಿಯಲ್ಲಿ, ಚಿಕ್ಕವ್ವನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಕತಂಗಿಯರು ಅತ್ತು ಮುಗಿಸಿ, ಈಗ ಜಗಳಕ್ಕೆ ಇಳಿದಿದ್ದಾರೆ. ಅವ್ವ ನಿನ್ನ ಟ್ರಂಕಿನಿಂದ ಒಂದು ಹಣಿಗೆ ತಂದಿದ್ದಾಳೆ, ಮಂಚದ ಮೇಲೆ ತಂಗಿಯನ್ನು ಒರಗಿಸಿಕೊಂಡು ಸಿಕ್ಕು ಬಿಡಿಸುತ್ತಿದ್ದಾಳೆ. "ಚಲೋ ಐತಲ್ಲ ಹಣಿಗಿ, ಎಷ್ಟು ಕೊಟ್ಟಿ?" ಅಂದಳು ಚಿಕ್ಕವ್ವ.

"ನನಗೇನು ಗೊತ್ತು? ನಿಮ್ಮ ಭಾವ ನಿನಗಂತ ತಂದಿಟ್ಟಿದ್ದು" ಅಂದಳು ಅವ್ವ.