ನೀನು ಒಪ್ಪಿಕೊಳ್ಳಬೇಕೆಂದಿದ್ದ ಮಾತು

ಅಪ್ಪಾ,

ನಿನ್ನ ಅಪೀಲಿನ ತೀರ್ಪು ಬಂತು. ಓಡಿ ಬಂದು ಹೇಳೋಣವೆಂದರೆ ನೀನಿಲ್ಲ.

ದುಂಡಸಿಯ ನಮ್ಮ ಹಿಟ್ಟಿನ ಗಿರಣಿಯ ಆ ಮಧ್ಯಾಹ್ನ ಇನ್ನೂ ಕಣ್ಣ ಮುಂದಿದೆ. ಬೀಸುವ ಪಾಳಿಯ ಸಲುವಾಗಿ ನಿನ್ನ ಗೆಳೆಯ ಫಕೀರಪ್ಪ ಕಾಕಾ ಜಗಳ ತೆಗೆದ. ನಿನ್ನ ಅಂಗಿ ಹಿಡಿದ. ನೀನು ದೂಡಿದೆ. ಹಿಂದಕ್ಕೆ ಬಿದ್ದವನ ತಲೆ ಕಲ್ಲಿನ ಮೆಟ್ಟಿಲಿಗೆ ಬಡಿಯಿತು. ಅವನನ್ನು ಎತ್ತಿ ಟಂಟಂ ಆಟೋದಲ್ಲಿ ಶಿಗ್ಗಾಂವಿಯ ದವಾಖಾನೆಗೆ ಒಯ್ದವನೂ ನೀನೇ. ಮರುದಿನ ಕಾಕಾ ತೀರಿಕೊಂಡ.

ಜಾಮೀನಿನ ಮೇಲೆ ಬಂದ ನಿನ್ನನ್ನು ಕರೆದುಕೊಂಡು ವಕೀಲರ ಹತ್ತಿರ ಹೋದದ್ದು ನೆನಪಿದೆಯಾ? “ದೂಡಿದ್ದು ಒಪ್ಪಿಕೊಳ್ಳೋಣು. ಸಾಯ್ತಾನಂತ ಗೊತ್ತಿರಲಿಲ್ಲ ಅಂತ ವಾದ ಮಾಡ್ತೇನಿ. ಆವಾಗ ಇದು ಬರೇ ಗಾಯ ಮಾಡಿದ ಅಪರಾಧ ಆಕ್ಕೈತಿ, ಶಿಕ್ಷೆ ಕಮ್ಮಿ” ಎಂದರು ಅವರು.

“ಹಂಗ ಮಾಡ್ರಿ ಸಾಹೇಬ್ರ. ನಾ ದೂಡಿದ್ದು ಖರೇ ಐತ್ರಿ” ಎಂದೆ ನೀನು.

ನಾನು ಬಿಡಲಿಲ್ಲ. “ನಮ್ಮಪ್ಪ ಮೈ ಮುಟ್ಟೇ ಇಲ್ಲರಿ. ಪೂರಾ ಬಿಡಿಸ್ರಿ” ಎಂದೆ. ಶಾಲೆಯಲ್ಲಿ ಪಾಠ ಹೇಳುವವಳು ಅಪರಾಧಿಯ ಮಗಳು ಎನಿಸಿಕೊಳ್ಳುವುದು ಹೇಗೆ? ಅಪರಾಧ ಸಣ್ಣದಾದರೇನು, ಅದೂ ಅಪರಾಧವೇ ಅಲ್ಲವೇ ಅಂತ ನನ್ನ ಯೋಚನೆ. ನೀನು ತಲೆ ತಗ್ಗಿಸಿದೆ.

ಕೋರ್ಟಿನಲ್ಲಿ “ನಾ ದೂಡಿಲ್ಲರಿ” ಎನ್ನುವಾಗ ನೀನು ನ್ಯಾಯಾಧೀಶರನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ಗಿರಣಿಗೆ ಬಂದಿದ್ದವರೆಲ್ಲ ಕಂಡದ್ದನ್ನು ಹೇಳಿದರು. ನಮ್ಮ ಸುಳ್ಳು ನಿಲ್ಲಲಿಲ್ಲ. ಕೊಲೆಯಲ್ಲದ ನರಹತ್ಯೆ ಎಂದು ಐದು ವರ್ಷ ಶಿಕ್ಷೆಯಾಯಿತು. ಅಪೀಲು ಹಾಕಿದೆವು, ಜಾಮೀನು ಸಿಗಲಿಲ್ಲ. ಎರಡು ವರ್ಷ ತುಂಬುವ ಮೊದಲೇ ಜೈಲಿನಲ್ಲಿ ನಿನ್ನ ಎದೆಬಡಿತ ನಿಂತಿತು.

ನಿನ್ನ ಮಣ್ಣಿಗೆ ಬಂದಿದ್ದ ವಕೀಲರು, “ಮನಿಯವರು ಅರ್ಜಿ ಕೊಟ್ರ ಅಪೀಲು ಮುಂದುವರಿಸಬಹುದವ್ವಾ” ಎಂದರು. ಈ ಸಲ ನಾನೇ ಹೇಳಿದೆ, ದೂಡಿದ್ದು ಒಪ್ಪಿಕೊಳ್ರಿ ಅಂತ. ಹೈಕೋರ್ಟು ಆ ವಾದವನ್ನು ಎತ್ತಿಹಿಡಿಯಿತು. ನಿನ್ನದು ಗಾಯಪಡಿಸಿದ ಅಪರಾಧ ಮಾತ್ರವಂತೆ, ಶಿಕ್ಷೆ ಒಂದು ವರ್ಷವಂತೆ. ಮೊದಲೇ ನಿನ್ನ ಮಾತು ಕೇಳಿದ್ದರೆ ನೀನು ಇವತ್ತು ಗಿರಣಿಯಲ್ಲಿ...

ನಿನ್ನೆ ಫಕೀರಪ್ಪ ಕಾಕಾನ ಮನೆಗೆ ಹೋಗಿದ್ದೆ. ಶಾಂತವ್ವ ಕಾಕಿ ಒಳಗೆ ಬಾ ಎನ್ನಲಿಲ್ಲ. ಬಾಗಿಲಲ್ಲೇ ನಿಂತು, “ಅಪ್ಪ ದೂಡಿದ್ದು ಖರೇ, ಕಾಕಿ. ಕೋರ್ಟಿನ್ಯಾಗ ಒಪ್ಪಿಕೊಳ್ತೇನಿ ಅಂದಿದ್ದ, ನಾನ ಬಿಡಲಿಲ್ಲ” ಎಂದೆ.

ಅವಳು ಹೊಸ್ತಿಲ ತನಕ ಬಂದಳು. ಆಮೇಲೆ, “ದವಾಖಾನ್ಯಾಗ ನಿಮ್ಮಪ್ಪ ನನ್ನ ಕಾಲ ಹಿಡದು, ನಾನ ದೂಡಿದ್ದು ಅಂದಿದ್ದ. ನನಗ ಅವನ ಮ್ಯಾಲೆ ಸಿಟ್ಟಿರಲಿಲ್ಲ. ಕೋರ್ಟಿನ್ಯಾಗ ಇಲ್ಲ ಅಂದ ನೋಡು, ಅವತ್ತಿಂದ ಅವನ ಮಾರಿ ನೋಡಬಾರದು ಅನಿಸ್ತು. ಮಣ್ಣಿಗೂ ಬರಲಿಲ್ಲ ನಾನು” ಎಂದಳು.

ಅಪ್ಪಾ, ಆ ಸುಳ್ಳು ನಿನ್ನದಲ್ಲ, ನನ್ನದು ಅಂತ ಕಾಕಿಗೆ ಈಗ ಗೊತ್ತಾಗಿದೆ. ಬಾಗಿಲು ಹಾಕಿಕೊಳ್ಳುವ ಮೊದಲು ನಿನ್ನನ್ನು ಎಲ್ಲಿ ಮಣ್ಣು ಮಾಡಿದೆವೆಂದು ಕೇಳಿದಳು.

ನಿನ್ನ ಮಗಳು,
ಕಸ್ತೂರಿ